ಬಣ್ಣ ನೋಡಿ ಕೊಂಡ ಬುಗುರಿ ಏಕೆ ತಿರುಗುವುದಿಲ್ಲ?

ಬೆಂಗಳೂರು: ಯಶವಂತಪುರದ ಮಾರುಕಟ್ಟೆ ಬೀದಿಯಲ್ಲಾಗಲಿ, ಯಲಹಂಕದ ಹಳೆಯ ಪೇಟೆಯ ಆಟಿಕೆ ಅಂಗಡಿಯಲ್ಲಾಗಲಿ ರಾಶಿ ಹಾಕಿದ ಬುಗುರಿಗಳ ಮುಂದೆ ಮಗು ನಿಂತಿತೆಂದರೆ ಅದರ ಕೈ ಮೊದಲು ಹೋಗುವುದು ಹೊಳೆಯುವ ಕೆಂಪು, ಹಳದಿ ಪಟ್ಟೆಯ ಬುಗುರಿಯ ಕಡೆಗೆ. ಅಪ್ಪನೂ ಬಣ್ಣವನ್ನೇ ಮೆಚ್ಚಿ ಹಣ ಕೊಡುತ್ತಾನೆ. ಮನೆಗೆ ಬಂದು ಚಾಟಿ ಸುತ್ತಿ ಎಸೆದರೆ ಬುಗುರಿ ಗಡಗಡನೆ ನಡುಗಿ, ನಾಲ್ಕು ಸುತ್ತು ಹೊರಳಿ ಮಲಗುತ್ತದೆ. ಇನ್ನೊಮ್ಮೆ, ಮತ್ತೊಮ್ಮೆ. ಕಡೆಗೆ "ನಿನಗೆ ಕೈ ತಿರುಗಿಲ್ಲ, ಬಿಡು" ಎಂಬ ಮಾತು ಬರುತ್ತದೆ. ಬುಗುರಿ ಷೋಕೇಸಿಗೆ, ಮಗು ಟಿ.ವಿ. ಮುಂದಕ್ಕೆ.

ಕೈ ತಿರುಗದಿರುವುದೂ ಒಂದು ಕಾರಣ ನಿಜ. ಆದರೆ ಎಷ್ಟೋ ಸಲ ತಪ್ಪು ಕೈಯದಲ್ಲ, ಬುಗುರಿಯದು. ಕೆಟ್ಟ ಬುಗುರಿಯನ್ನು ಪಳಗಿದ ಕೈಯೂ ಹೆಚ್ಚು ಹೊತ್ತು ನಿಲ್ಲಿಸಲಾರದು. ಅದನ್ನು ತಿಳಿಯದ ಮಗು ಮಾತ್ರ ತನ್ನಲ್ಲೇ ಏನೋ ಕೊರತೆ ಇದೆ ಎಂದುಕೊಂಡು ಆಟವನ್ನೇ ಬಿಡುತ್ತದೆ. ನೋಡಲು ಒಂದೇ ರೀತಿ ಕಾಣುವ ಎರಡು ಬುಗುರಿಗಳಲ್ಲಿ ಒಂದು ನಿಮಿಷಕ್ಕೂ ಮಿಕ್ಕಿ ತಿರುಗಿ, ಇನ್ನೊಂದು ಐದು ಸೆಕೆಂಡಿಗೆ ಬೀಳುವುದಕ್ಕೆ ಕಾರಣ ಬಣ್ಣದಲ್ಲಿಲ್ಲ. ಕಣ್ಣಿಗೆ ಕಾಣದ ಒಂದು ನಡುಗೆರೆಯಲ್ಲಿದೆ. ಮರದ ಆಕಾರದ ನಡು, ಅದರ ತೂಕದ ನಡು ಮತ್ತು ಮೊಳೆಯ ತುದಿ ಈ ಮೂರೂ ಒಂದೇ ಗೆರೆಯ ಮೇಲೆ ನಿಂತರೆ ಬುಗುರಿ ಆಡುತ್ತದೆ. ಒಂದು ಸರಿದರೂ ಕೆಟ್ಟಿತು.

ಒಂದು ಮಿಲಿಮೀಟರಿನ ಲೆಕ್ಕ

ಸುಮಾರು 60 ಗ್ರಾಂ ತೂಗುವ ಒಂದು ಬುಗುರಿಯನ್ನು ತೆಗೆದುಕೊಳ್ಳೋಣ. ಅದು ಸೆಕೆಂಡಿಗೆ 20 ಸುತ್ತು ತಿರುಗುತ್ತಿದೆ. ಅದರ ತೂಕದ ಕೇಂದ್ರ ಮೊಳೆಯ ಗೆರೆಯಿಂದ ಕೇವಲ 1 ಮಿ.ಮೀ. ಪಕ್ಕಕ್ಕೆ ಸರಿದಿದೆ ಎನ್ನೋಣ. ಆಗ ಹೊರಮುಖವಾಗಿ ಎಳೆಯುವ ಬಲ ಸುಮಾರು 95 ಗ್ರಾಂ ತೂಕಕ್ಕೆ ಸಮ. ಅಂದರೆ ಬುಗುರಿ ತನ್ನ ತೂಕಕ್ಕಿಂತ ಒಂದೂವರೆ ಪಟ್ಟು ಬಲದಿಂದ ತನ್ನನ್ನೇ ಸೆಕೆಂಡಿಗೆ ಇಪ್ಪತ್ತು ಬಾರಿ ಸುತ್ತಲೂ ಎಳೆದಾಡಿಕೊಳ್ಳುತ್ತದೆ. ವೇಗ ಇಮ್ಮಡಿಯಾದರೆ ಈ ಎಳೆತ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ಕೆಟ್ಟ ಬುಗುರಿಯನ್ನು ಜೋರಾಗಿ ಎಸೆದಷ್ಟೂ ಅದು ಹೆಚ್ಚು ಕುಣಿಯುತ್ತದೆ. ಮಗು ತನ್ನ ಶಕ್ತಿಯನ್ನೆಲ್ಲ ಹಾಕಿದ್ದಕ್ಕೆ ಸಿಗುವ ಪ್ರತಿಫಲ ಇದು.

ಇಲ್ಲಿ ಎರಡು ಬಗೆಯ ತೂಗಾಟಗಳನ್ನು ಬೇರೆ ಮಾಡಿ ನೋಡಬೇಕು. ಒಳ್ಳೆಯ ಬುಗುರಿಯೂ ನೆಲಕ್ಕೆ ಬಿದ್ದ ಕೂಡಲೇ ಸ್ವಲ್ಪ ಓರೆಯಾಗಿ, ತಲೆಯನ್ನು ನಿಧಾನವಾಗಿ ವರ್ತುಲಾಕಾರದಲ್ಲಿ ಸುತ್ತಿಸುತ್ತದೆ. ಇದು ದೋಷವಲ್ಲ. ತಿರುಗುವ ವಸ್ತುವನ್ನು ಭೂಮಿ ಕೆಳಕ್ಕೆ ಎಳೆದಾಗ ಅದು ಬೀಳುವ ಬದಲು ಪಕ್ಕಕ್ಕೆ ಸರಿಯುತ್ತಾ ಹೋಗುವುದು ಭೌತಶಾಸ್ತ್ರದ ನಿಯಮ. ತಿರುಗುವ ವೇಗ ಹೆಚ್ಚಿದ್ದಷ್ಟೂ ತಲೆಯ ಈ ಸುತ್ತಾಟ ನಿಧಾನ, ವೇಗ ಕುಗ್ಗಿದಂತೆ ಅದು ಅವಸರವಾಗುತ್ತದೆ. ದೋಷದ ತೂಗಾಟ ಬೇರೆ. ಅದು ಮೊದಲ ಕ್ಷಣದಿಂದಲೇ ನಡುಕದ ರೂಪದಲ್ಲಿ ಕಾಣುತ್ತದೆ, ಮೊಳೆ ನೆಲದ ಮೇಲೆ ಟಕಟಕ ಸದ್ದು ಮಾಡುತ್ತದೆ, ಬುಗುರಿಯ ಅಂಚು ಕಣ್ಣಿಗೆ ಮಸುಕಾಗಿ ಕಾಣುತ್ತದೆ. ಒಳ್ಳೆಯ ಬುಗುರಿಯ ಅಂಚು, ಅದು ತಿರುಗುತ್ತಿದೆಯೋ ಇಲ್ಲವೋ ಎಂಬ ಅನುಮಾನ ಬರುವಷ್ಟು ಸ್ಪಷ್ಟವಾಗಿರುತ್ತದೆ.

ಮೊಳೆಯ ತುದಿಯ ಕಥೆ ಸ್ವಲ್ಪ ವಿಚಿತ್ರವಾದದ್ದು. ತುದಿ ಚೂಪಾಗಿದ್ದಷ್ಟೂ ಘರ್ಷಣೆ ಕಡಿಮೆ, ಬುಗುರಿ ಹೆಚ್ಚು ಹೊತ್ತು ತಿರುಗಬೇಕು ಎಂಬುದು ಸಾಮಾನ್ಯ ಎಣಿಕೆ. ಗಾಜಿನಂಥ ಗಟ್ಟಿ ನೆಲದ ಮೇಲೆ ಅದು ಒಂದು ಮಟ್ಟಿಗೆ ಸರಿ. ಆದರೆ ಮಣ್ಣಿನ ನೆಲದಲ್ಲಿ ಸೂಜಿಯಂಥ ಮೊಳೆ ಬೈರಿಗೆಯಂತೆ ಗುಂಡಿ ಕೊರೆದು ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಓರೆಯಾಗಿ ಬಿದ್ದ ಬುಗುರಿ ತಾನಾಗಿಯೇ ನೆಟ್ಟಗೆ ಎದ್ದು ನಿಲ್ಲುವುದಕ್ಕೆ ತುದಿ ತುಸು ಗುಂಡಾಗಿರಬೇಕು. ಗುಂಡು ತುದಿ ನೆಲವನ್ನು ನಡುವಿನಿಂದ ಸ್ವಲ್ಪ ಆಚೆ ಮುಟ್ಟುತ್ತದೆ. ಅಲ್ಲಿ ಹುಟ್ಟುವ ಘರ್ಷಣೆಯೇ ಬುಗುರಿಯನ್ನು ಮೇಲಕ್ಕೆ ಎತ್ತಿ ನಿಲ್ಲಿಸುತ್ತದೆ. ಹಾಗೆ ನೆಟ್ಟಗೆ ನಿಂತು ಅಲುಗಾಡದೆ ತಿರುಗುವ ಸ್ಥಿತಿಗೆ ಇಂಗ್ಲಿಷಿನವರು ಬುಗುರಿಯ ನಿದ್ರೆ ಎಂದು ಹೆಸರಿಟ್ಟಿದ್ದಾರೆ. ಗುಂಡಾದ ತಳವುಳ್ಳ ಒಂದು ಜಾತಿಯ ಪುಟ್ಟ ಬುಗುರಿಯಂತೂ ಇದೇ ಘರ್ಷಣೆಯ ಬಲದಿಂದ ತಲೆಕೆಳಗಾಗಿ ತನ್ನ ಹಿಡಿಯ ಮೇಲೆ ನಿಲ್ಲುತ್ತದೆ. ನೊಬೆಲ್ ಪುರಸ್ಕೃತರಾದ ನೀಲ್ಸ್ ಬೋರ್ ಮತ್ತು ವುಲ್ಫ್‌ಗಾಂಗ್ ಪೌಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ನೆಲದ ಮೇಲೆ ಬಾಗಿ ಅಂಥದೊಂದು ಬುಗುರಿಯನ್ನು ಮಕ್ಕಳಂತೆ ನೋಡುತ್ತಿರುವ 1950ರ ದಶಕದ ಚಿತ್ರ ವಿಜ್ಞಾನ ಲೋಕದಲ್ಲಿ ಬಹಳ ಪ್ರಸಿದ್ಧ.

ಮೊಳೆಯ ಉದ್ದಕ್ಕೂ ಒಂದು ಮಿತಿ ಇದೆ. ಉದ್ದವಾದರೆ ಬುಗುರಿಯ ತೂಕ ಎತ್ತರಕ್ಕೆ ಹೋಗಿ ಬೇಗ ಉರುಳುತ್ತದೆ. ತೀರಾ ಗಿಡ್ಡವಾದರೆ ಸ್ವಲ್ಪ ಓರೆಯಾದರೂ ಮರದ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ.

ಹಸಿ ಮರದ ಮೋಸ

ಬೆಂಗಳೂರಿಗೆ ಬರುವ ಬಣ್ಣದ ಮರದ ಬುಗುರಿಗಳ ತವರು ಎಂದರೆ ಮೈಸೂರು ರಸ್ತೆಯಲ್ಲಿ ಸುಮಾರು 60 ಕಿ.ಮೀ. ದೂರದ ಚನ್ನಪಟ್ಟಣ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ಕಸುಬು ಬಂತೆಂದೂ, ಮುಂದೆ ಬಾವಾಸ್ ಮಿಯಾ ಎಂಬುವರು ಜಪಾನಿನ ಆಟಿಕೆ ತಯಾರಿಕೆಯ ವಿಧಾನಗಳನ್ನು ಇಲ್ಲಿಗೆ ತಂದರೆಂದೂ ಊರಿನಲ್ಲಿ ಹೇಳುತ್ತಾರೆ. ಇಲ್ಲಿ ಹೆಚ್ಚಾಗಿ ಬಳಸುವುದು ಆಲೆ ಮರ. ಹಾಲೆ ಎಂದೂ ಕರೆಯುವ ಇದು ಬೆಳ್ಳಗೆ, ಹಗುರವಾಗಿ, ಎಳೆ ಒತ್ತಾಗಿ ಇರುವ ಮರ. ಉಳಿಗೆ ಬೆಣ್ಣೆಯಂತೆ ಸಿಕ್ಕುತ್ತದೆ. ತಿರುಗುತ್ತಿರುವ ಲೇತಿನ ಮೇಲೆಯೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆ ಜಾತಿಯ ಒಣ ಗರಿಯನ್ನು ಒತ್ತಿ ಹೊಳಪು ತರುತ್ತಾರೆ. ಬೇರೆ ಬಣ್ಣಕ್ಕೆ ಬಾರದ ಆ ಕಾಂತಿ ಅಲ್ಲಿಂದ ಬಂದದ್ದು.

ಲೇತಿನ ಮೇಲೆ ಕಡೆದ ವಸ್ತು ಹುಟ್ಟುವ ಕ್ಷಣದಲ್ಲಿ ಸುತ್ತಲೂ ಸರಿಸಮನಾಗಿಯೇ ಇರುತ್ತದೆ. ಹಾಗಿದ್ದರೆ ಅದು ಕೆಡುವುದು ಎಲ್ಲಿ?

ಮೊದಲ ಕಾರಣ ಹಸಿ. ಕಡಿದ ಮರ ಒಣಗುವಾಗ ಎಲ್ಲ ದಿಕ್ಕಿನಲ್ಲಿ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಬೆಳವಣಿಗೆಯ ಉಂಗುರದ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಆದ್ದರಿಂದ ಹಸಿ ಇರುವಾಗಲೇ ಗುಂಡಗೆ ಕಡೆದ ಬುಗುರಿ ತಿಂಗಳು ಕಳೆಯುವುದರೊಳಗೆ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯುತ್ತದೆ. ಮರವನ್ನು ಎರಡು ಮೂರು ತಿಂಗಳು ನೆರಳಿನಲ್ಲಿ ಒಣಗಿಸಿ ಆಮೇಲೆ ಕಡೆಯುವ ಪದ್ಧತಿ ಬಂದದ್ದು ಇದಕ್ಕಾಗಿಯೇ. ಬೆಂಗಳೂರಿನಲ್ಲೇ, ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರ ಒಣಗಿಸುವುದೇ ಒಂದು ಅಧ್ಯಯನ ವಿಷಯ. ಆದರೆ ಒಣಗಿಸುವುದೆಂದರೆ ಬಂಡವಾಳವನ್ನು ತಿಂಗಳುಗಟ್ಟಲೆ ಮೂಲೆಯಲ್ಲಿ ಪೇರಿಸಿಟ್ಟಂತೆ. ಮಾರುಕಟ್ಟೆಯ ಅವಸರಕ್ಕೆ ಮೊದಲು ಬಲಿಯಾಗುವುದು ಈ ಕಾಯುವಿಕೆಯೇ.

ಎರಡನೆಯದು ಗಂಟು. ಗಂಟಿರುವ ಪಕ್ಕ ಹೆಚ್ಚು ಭಾರ. ತುಂಡಿನ ಒಂದು ಬದಿ ಗಟ್ಟಿ ಕಾಷ್ಠ, ಇನ್ನೊಂದು ಬದಿ ಎಳೆಯ ಮರ ಇದ್ದರೂ ಅಷ್ಟೇ. ಆಕಾರ ಎಷ್ಟೇ ದುಂಡಾಗಿದ್ದರೂ ತೂಕದ ನಡು ಪಕ್ಕಕ್ಕೆ ಸರಿದಿರುತ್ತದೆ. ಮೇಲೆ ಅರಗು ಬಳಿದ ಮೇಲೆ ಇದನ್ನು ಪತ್ತೆ ಮಾಡಲು ಕಣ್ಣಿನಿಂದ ಸಾಧ್ಯವಿಲ್ಲ. ಹೊಳಪು ಗುಣವನ್ನು ತೋರಿಸುವಷ್ಟೇ ಚೆನ್ನಾಗಿ ದೋಷವನ್ನೂ ಮುಚ್ಚುತ್ತದೆ.

ಮೂರನೆಯದು, ಎಲ್ಲಕ್ಕಿಂತ ಸಾಮಾನ್ಯವಾದದ್ದು, ಮೊಳೆ. ಬುಗುರಿ ಲೇತಿನ ಮೇಲೆ ಇರುವಾಗಲೇ ನಡುವಿಗೆ ಸಣ್ಣ ತೂತು ಕೊರೆದು, ಮೊಳೆ ಹೊಡೆದು, ತಲೆ ಕತ್ತರಿಸಿ, ತಿರುಗುತ್ತಿರುವಂತೆಯೇ ಅರದಿಂದ ಉಜ್ಜಿದರೆ ತುದಿ ತಾನಾಗಿ ನಡುವಿಗೆ ಬರುತ್ತದೆ. ಬುಗುರಿಯನ್ನು ಲೇತಿನಿಂದ ಇಳಿಸಿ, ನೆಲದ ಮೇಲಿಟ್ಟು ಸುತ್ತಿಗೆಯಿಂದ ಮೊಳೆ ಹೊಡೆದರೆ ಅದು ಮರದ ಎಳೆ ಹಿಡಿದು ಓರೆಯಾಗಿ ಇಳಿಯುತ್ತದೆ. ಮೊದಲನೆಯದಕ್ಕೆ ಒಂದೆರಡು ನಿಮಿಷ ಹೆಚ್ಚು ಬೇಕು. ಎಣಿಕೆಯ ಮೇಲೆ ಕೂಲಿ ಪಡೆಯುವ ಕೆಲಸಗಾರನಿಗೆ ಆ ಎರಡು ನಿಮಿಷದ ಬೆಲೆಯನ್ನು ಕೊಡುವವರು ಯಾರು ಎಂಬುದೇ ಪ್ರಶ್ನೆ. ಕೊಳ್ಳುವವರು ಕೇಳುತ್ತಿರುವುದು ಬಣ್ಣವನ್ನು. ನಡುಗೆರೆಯನ್ನು ಕೇಳುವವರು ಕಡಿಮೆ. ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶದಿಂದ ನೋಂದಾಯಿತ ಕುಶಲಕರ್ಮಿಗಳಿಗೂ, ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೂ ವಿನಾಯಿತಿ ದೊರೆಯಿತು. ವಿದೇಶಿ ಆಟಿಕೆಗಳ ಮೇಲಿನ ಆಮದು ಸುಂಕ ಅದೇ ವರ್ಷ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಇವೆಲ್ಲ ಕಸುಬಿಗೆ ಆಸರೆಯೇ. ಆದರೆ ಇವುಗಳಲ್ಲಿ ಯಾವುದೂ ಬುಗುರಿ ತಿರುಗುತ್ತದೆಯೇ ಎಂದು ಕೇಳುವುದಿಲ್ಲ.

ಜಪಾನಿನವರು ಈ ಪ್ರಶ್ನೆಯನ್ನು ಬೇರೊಂದು ಮರದ ಆಟಿಕೆಯ ವಿಷಯದಲ್ಲಿ ಕೇಳಿದ್ದಾರೆ. ಕೆಂಡಾಮ ಎಂಬುದು ಮೂರು ಬಟ್ಟಲು ಮತ್ತು ಒಂದು ಮೊನೆಯುಳ್ಳ ಹಿಡಿಗೆ ದಾರದಿಂದ ಕಟ್ಟಿದ ಚೆಂಡಿನ ಆಟ. ಚೆಂಡನ್ನು ಎಗರಿಸಿ ಬಟ್ಟಲಲ್ಲಿ ಕೂರಿಸಬೇಕು, ಇಲ್ಲವೇ ಅದರ ತೂತಿಗೆ ಮೊನೆಯನ್ನು ಸಿಕ್ಕಿಸಬೇಕು. ಹಿರೋಶಿಮಾ ಪ್ರಾಂತದ ಹತ್ಸುಕೈಚಿ ಅದರ ತವರು. ಅಲ್ಲಿಯೂ ಚೆಂಡಿನ ತೂಕ ಒಂದು ಪಕ್ಕಕ್ಕೆ ಸರಿದಿದ್ದರೆ, ತೂತು ನಡುವಿಗೆ ಇಲ್ಲದಿದ್ದರೆ, ಬಣ್ಣ ತೀರಾ ನುಣುಪಾಗಿದ್ದರೆ ಆಟ ಕೆಡುತ್ತದೆ. 1975ರಲ್ಲಿ ಸ್ಥಾಪನೆಯಾದ ಜಪಾನ್ ಕೆಂಡಾಮ ಸಂಘ ಅಳತೆಗಳನ್ನು ಗೊತ್ತು ಮಾಡಿ, ಅದಕ್ಕೆ ಸರಿಹೊಂದುವ ಕೆಂಡಾಮಗಳಿಗೆ ಮಾನ್ಯತೆ ನೀಡುತ್ತದೆ. ಮಗು ಅಂಥದೊಂದನ್ನು ಕೊಂಡರೆ, ಸೋತರೂ ಆಟಿಕೆಯಿಂದ ಸೋಲಲಿಲ್ಲ ಎಂಬ ಭರವಸೆಯಾದರೂ ಇರುತ್ತದೆ. ನಮ್ಮ ಬುಗುರಿಯ ಮೇಲೆ ಅಂಥ ಗುರುತು ಇಲ್ಲ.

ಪೀಣ್ಯದ ದೊಡ್ಡ ಬುಗುರಿ

ತೂಕವನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆ ಆಟಿಕೆಗೆ ಮಾತ್ರ ಸೇರಿದ್ದಲ್ಲ. ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದರೆ ಸಿಗುವ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ 1970ರ ದಶಕದಲ್ಲಿ 360 ಕಿಲೋ ತೂಕದ ಒಂದು ಬುಗುರಿ ತಯಾರಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ. ಉಡುಪಿ ಬಳಿಯ ಅದಮಾರಿನ ಪ್ರೊ. ಯು.ಆರ್. ರಾವ್ ಅವರ ನೇತೃತ್ವದಲ್ಲಿ ಅಲ್ಲಿ ರೂಪುಗೊಂಡು, 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿದ ಭಾರತದ ಮೊದಲ ಉಪಗ್ರಹ ಆರ್ಯಭಟ, 26 ಮುಖಗಳ ಆ ಘನಾಕೃತಿ, ಆಕಾಶದಲ್ಲಿ ತನ್ನ ಸುತ್ತ ತಾನು ತಿರುಗುತ್ತಲೇ ಸ್ಥಿರವಾಗಿ ನಿಲ್ಲುವಂತೆ ರಚಿತವಾಗಿತ್ತು. ವೇಗ ಕುಂದಿದಾಗ ಅನಿಲದ ಚಿಮ್ಮುಗಳಿಂದ ಮತ್ತೆ ತಿರುಗಿಸುವ ಏರ್ಪಾಡಿತ್ತು. ಅದರ ಚಾಟಿ ಅದೇ.

ಹೀಗೆ ತಿರುಗುವ ಉಪಗ್ರಹದ ತೂಕ ನಡುಗೆರೆಯಿಂದ ಹೊರಕ್ಕೆ ಹರಡಿರಬೇಕು. ಇದನ್ನು ಅಮೆರಿಕ ಕಷ್ಟಪಟ್ಟು ಕಲಿಯಿತು. 1958ರಲ್ಲಿ ಅದು ಹಾರಿಸಿದ ಎಕ್ಸ್‌ಪ್ಲೋರರ್-1 ಪೆನ್ಸಿಲಿನಂತೆ ಉದ್ದ, ಸಪೂರ. ಉದ್ದನೆಯ ಅಕ್ಷದ ಸುತ್ತ ತಿರುಗಿಸಿ ಬಿಟ್ಟ ಅದು ಬೇಗನೆ ಲಾಗ ಹಾಕತೊಡಗಿತು. ನೆಲದ ಬುಗುರಿಯ ಕಾರಣಗಳು ಪೂರ್ತಿ ಅವೇ ಅಲ್ಲ, ಏಕೆಂದರೆ ಇಲ್ಲಿ ಮೊಳೆ, ನೆಲ, ಗುರುತ್ವ ಎಲ್ಲವೂ ಇವೆ. ಆದರೆ ಪಾಠ ಒಂದೇ ದಿಕ್ಕಿನದು. ಎತ್ತರದ ಸಪೂರ ಬುಗುರಿಗಿಂತ ಅಗಲ ಹೊಟ್ಟೆಯ ಗಿಡ್ಡ ಬುಗುರಿ ಹೆಚ್ಚು ನಿಲ್ಲುತ್ತದೆ. ಅಡ್ಡಳತೆ 4 ಸೆಂ.ಮೀ. ಇರುವ ಬುಗುರಿಯನ್ನು ಅದೇ ಆಕಾರದಲ್ಲಿ 5 ಸೆಂ.ಮೀ.ಗೆ ಹಿಗ್ಗಿಸಿದರೆ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದರೆ ತಿರುಗುವಿಕೆಯನ್ನು ಹಿಡಿದಿಟ್ಟುಕೊಳ್ಳುವ ಗುಣ ಮೂರು ಪಟ್ಟಾಗುತ್ತದೆ. ಆರ್.ಟಿ. ನಗರದ ಅಪಾರ್ಟ್‌ಮೆಂಟಿನ ಮಕ್ಕಳ ಕೈಯಲ್ಲಿರುವ ಬೇಬ್ಲೇಡಿಗೆ ಅಂಚಿನಲ್ಲಿ ಲೋಹದ ಉಂಗುರ ಹಾಕಿರುವ ಗುಟ್ಟೂ ಇದೇ. 1999ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ಅದು ಅಲ್ಲಿನ ಹಳೆಯ ಬೇಗೋಮ ಎಂಬ ಬುಗುರಿಯ ಮೊಮ್ಮಗ.

ಹಳ್ಳಿಯ ಬಡಗಿ ಆಟಕ್ಕೆಂದು ಮಾಡಿಕೊಡುತ್ತಿದ್ದ ಬುಗುರಿ ಜಾಲಿ, ಹುಣಸೆ, ಸೀಬೆಯಂಥ ಗಟ್ಟಿ ಮರದ್ದು. ಬಣ್ಣವಿಲ್ಲ, ಚೆಂದವೂ ಅಷ್ಟಕ್ಕಷ್ಟೆ. ಆದರೆ ಭಾರ ಇತ್ತು. ವೃತ್ತದಲ್ಲಿಟ್ಟ ಎದುರಾಳಿಯ ಬುಗುರಿಗೆ ಮೊಳೆಯಿಂದ ಗುನ್ನ ಹೊಡೆಯುವ ಆಟದಲ್ಲಿ ಮೆತ್ತನೆಯ ಮರ ಎರಡು ಏಟಿಗೆ ಸೀಳುತ್ತಿತ್ತು. ಆಲೆ ಮರದ ಬುಗುರಿ ಗುನ್ನದ ಆಟಕ್ಕೆ ತಕ್ಕದ್ದಲ್ಲ. ಅದು ತಿರುಗಿಸುವುದಕ್ಕೆ ಮಾತ್ರ.

ಚಾಟಿಯ ಪಾಲು

ಬುಗುರಿ ಎಷ್ಟೇ ಒಳ್ಳೆಯದಿದ್ದರೂ ಚಾಟಿ ಕೆಟ್ಟಿದ್ದರೆ ಪ್ರಯೋಜನವಿಲ್ಲ. ಅಂಗಡಿಯಲ್ಲಿ ಬುಗುರಿಯ ಜೊತೆ ಕೊಡುವ ನೈಲಾನ್ ದಾರ ನುಣುಪು, ಅರಗಿನ ಮೈಯೂ ನುಣುಪು. ಹೀಗಾಗಿ ಸುತ್ತಿದ್ದು ಎಸೆಯುವ ಮೊದಲೇ ಜಾರುತ್ತದೆ. ಒಳ್ಳೆಯ ಬುಗುರಿಯ ಕೆಳಭಾಗದಲ್ಲಿ ಉಳಿಯಿಂದ ಎಳೆದ ಸಣ್ಣ ಗೀರುಗಳಿರುತ್ತವೆ. ಅವು ಅಲಂಕಾರಕ್ಕಲ್ಲ, ಚಾಟಿ ಕೂರುವುದಕ್ಕೆ. ಗೀರಿಲ್ಲದಿದ್ದರೆ ಮರಳು ಕಾಗದದಿಂದ ಆ ಭಾಗದ ಹೊಳಪನ್ನಷ್ಟೇ ತೆಗೆದರೆ ಸಾಕು. ಹೊಸೆದ ಹತ್ತಿಯ ಚಾಟಿ ಎಲ್ಲಕ್ಕಿಂತ ಮೇಲು.

ಸುತ್ತುವ ಕ್ರಮದಲ್ಲಿ ಒಂದು ಜಾಣತನ ಅಡಗಿದೆ. ಚಾಟಿಯನ್ನು ಮೊಳೆಯ ಬುಡದಿಂದ ಆರಂಭಿಸಿ ಮೇಲಕ್ಕೆ, ಅಗಲವಾದ ಹೊಟ್ಟೆಯ ಕಡೆಗೆ ಸುತ್ತುತ್ತಾರೆ. ಬಿಚ್ಚುವಾಗ ಮೊದಲು ಅಗಲದ ಸುತ್ತು, ಕೊನೆಗೆ ಕಿರಿದಾದ ಸುತ್ತು. ಅಗಲದಲ್ಲಿ ಎಳೆತಕ್ಕೆ ಹಿಡಿತ ಹೆಚ್ಚು, ನಿಂತ ಬುಗುರಿ ಸುಲಭವಾಗಿ ಹೊರಡುತ್ತದೆ. ಕಿರಿದಾದ ಕಡೆಗೆ ಬಂದಂತೆ ಅದೇ ಎಳೆತಕ್ಕೆ ಹೆಚ್ಚು ಸುತ್ತು ಸಿಗುತ್ತದೆ. ಬೈಸಿಕಲ್ಲಿನ ಗೇರು ಬದಲಿಸಿದಂತೆ. ಕೈ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಚಾಟಿ ಎಳೆದರೆ, ನಡುವಿನಿಂದ 2 ಸೆಂ.ಮೀ. ದೂರದ ಸುತ್ತಿನಲ್ಲಿ ಬುಗುರಿಗೆ ಸೆಕೆಂಡಿಗೆ ಸುಮಾರು 40 ಸುತ್ತುಗಳ ವೇಗ ಬರುತ್ತದೆ. ಸುತ್ತುಗಳು ಒಂದರ ಮೇಲೊಂದು ಹತ್ತಿದ್ದರೆ ಚಾಟಿ ನಡುವೆ ಸಿಕ್ಕಿಕೊಂಡು ಬುಗುರಿ ಓರೆಯಾಗಿ ನೆಲಕ್ಕೆ ಬೀಳುತ್ತದೆ. ಇಲ್ಲಿ ಮಾತ್ರ ದೋಷ ಆಡುವವನದೇ.

ಕೊಳ್ಳುವಾಗ

ಅಂಗಡಿಯಲ್ಲಿ ನಿಂತಲ್ಲೇ ಬುಗುರಿಯ ಯೋಗ್ಯತೆಯನ್ನು ಒಂದು ಮಟ್ಟಿಗೆ ಅಳೆಯಬಹುದು. ಅಂಗಡಿಯವರು ಹುಬ್ಬು ಗಂಟಿಕ್ಕಿದರೂ ಚಿಂತೆಯಿಲ್ಲ. ಬುಗುರಿಯನ್ನು ಗಾಜಿನ ಕಟ್ಟೆಯ ಮೇಲೆ ಮಲಗಿಸಿ ಉರುಳಿಸಬೇಕು. ಅದು ಒಂದೇ ಸಮನೆ ಉರುಳುವಾಗ ಮೊಳೆಯ ತುದಿ ಕಟ್ಟೆಯಿಂದ ಒಂದೇ ಎತ್ತರದಲ್ಲಿ ಇರಬೇಕು. ಏರಿಳಿಯುತ್ತಿದ್ದರೆ ಮೊಳೆ ಓರೆ ಎಂದರ್ಥ. ಉರುಳಿ ನಿಲ್ಲುವಾಗ ಪ್ರತಿ ಸಲವೂ ಅದೇ ಪಕ್ಕ ಕೆಳಗಾಗುತ್ತಿದ್ದರೆ ಆ ಪಕ್ಕ ಭಾರ. ಮೊಳೆಯನ್ನೂ ತಲೆಯ ನಡುವನ್ನೂ ಎರಡು ಬೆರಳ ತುದಿಗಳ ನಡುವೆ ಹಗುರವಾಗಿ ಹಿಡಿದು ತಿರುಗಿಸಿದರೂ ಇದು ತಿಳಿಯುತ್ತದೆ. ಮೊಳೆಯ ಬುಡದಲ್ಲಿ ಮರ ಸೀಳಿದ್ದರೆ ಅದನ್ನು ಅಲ್ಲಿಯೇ ಇಟ್ಟುಬಿಡಬೇಕು, ಅದಕ್ಕೆ ಔಷಧಿಯಿಲ್ಲ.

ಮನೆಯಲ್ಲಿ ಈಗಾಗಲೇ ಇರುವ ಓರೆ ಮೊಳೆಯ ಬುಗುರಿಯನ್ನು ಎಸೆಯಬೇಕಿಲ್ಲ. ಇಕ್ಕಳದಿಂದ ಮೊಳೆಯನ್ನು ಕೂದಲೆಳೆಯಷ್ಟು ಬಗ್ಗಿಸಿ, ತಿರುಗಿಸಿ ನೋಡಿ, ಮತ್ತೆ ಬಗ್ಗಿಸಿದರೆ ಬಹಳಷ್ಟು ಬುಗುರಿಗಳು ದಾರಿಗೆ ಬರುತ್ತವೆ. ಚೂಪಾದ ತುದಿಯನ್ನು ಅರದಿಂದ ಸ್ವಲ್ಪ ಗುಂಡಗೆ ಮಾಡಬೇಕು. ಮೊಳೆಯೇ ನಡುವಿಗಿಲ್ಲದಿದ್ದರೆ ಅದನ್ನು ಕಿತ್ತು, ತೂತಿಗೆ ಗಟ್ಟಿ ಮರದ ಬೆಣೆ ಅಂಟಿಸಿ, ಲೇತ್ ಇರುವ ಯಾವುದಾದರೂ ಬಡಗಿಯ ಕೈಯಿಂದ ಹೊಸ ತೂತು ಕೊರೆಸಬೇಕು.

ಇನ್ನು ಆಡುವ ಜಾಗ. ಹೆಬ್ಬಾಳ, ಯಲಹಂಕದ ಹೊಸ ಮನೆಗಳ ನುಣುಪು ಟೈಲ್ಸ್ ಮೇಲೆ ಬುಗುರಿ ಜಾರಿ ಜಾರಿ ಗೋಡೆಗೆ ಬಡಿಯುತ್ತದೆ, ಟೈಲ್ಸ್ ಕೂಡ ಚಕ್ಕೆ ಏಳುತ್ತದೆ. ಮಳೆ ಬಿದ್ದ ಮರುದಿನದ ಮಣ್ಣಿನಲ್ಲಿ ಮೊಳೆ ಹೂಳುತ್ತದೆ. ತಕ್ಕ ನೆಲವೆಂದರೆ ತುಳಿದು ಗಟ್ಟಿಯಾದ ಒಣ ಮಣ್ಣು, ಅದು ಸಿಗದಿದ್ದರೆ ಒರಟು ಸಿಮೆಂಟಿನ ತಾರಸಿ.